ಕಳ್ಳ ಸಿಕ್ಕ, ಮಿಸ್

ಲೆಕ್ಕದ ಮಿಸ್ ದಿನಕ್ಕೊಂದು ತಪ್ಪು ಮಾಡುತ್ತಿದ್ದರು, ಅದೂ ಬೇಕಂತಲೇ. ಬೋರ್ಡಿನ ಮೇಲೆ ಲೆಕ್ಕ ಬಿಡಿಸುತ್ತಾ ಬಿಡಿಸುತ್ತಾ, ನಡುವೆ ಎಲ್ಲೋ ಒಂದು ಕಡೆ ಪ್ಲಸ್ ಇರಬೇಕಾದಲ್ಲಿ ಮೈನಸ್ ಹಾಕಿ, ಏನೂ ಅರಿಯದವರ ಹಾಗೆ ಮುಂದಕ್ಕೆ ಹೋಗಿಬಿಡುವರು. ಆ ತಪ್ಪಿಗೆ ಅವರ ತರಗತಿಯಲ್ಲಿ ‘ಕಳ್ಳ’ ಎಂದು ಹೆಸರು. ಮೊದಲು ಕಂಡವರು “ಕಳ್ಳ ಸಿಕ್ಕ, ಮಿಸ್!” ಎಂದು ಕೂಗಬೇಕು. ಕೂಗಿದವರೇ ಎದ್ದು ಬಂದು, ಕಳ್ಳ ಹೇಗೆ ನುಗ್ಗಿದ, ಎಲ್ಲಿ ಅಡಗಿದ್ದ ಎಂದು ಎಲ್ಲರಿಗೂ ವಿವರಿಸಿ, ಡಸ್ಟರಿನಿಂದ ಅವನನ್ನು ಒರೆಸಿ ಹಾಕಬೇಕು. ಕಣ್ಣು ಎಳೆಯುವ ಮಧ್ಯಾಹ್ನದ ಪೀರಿಯಡ್ಡಿನಲ್ಲೂ ಆ ಕೋಣೆಯಲ್ಲಿ ಯಾರೂ ತೂಕಡಿಸುತ್ತಿರಲಿಲ್ಲ. ಟೀಚರ ತಪ್ಪು ಹಿಡಿಯುವುದಕ್ಕಿಂತ ದೊಡ್ಡ ಸುಖ ಆ ವಯಸ್ಸಿಗೆ ಬೇರೆ ಯಾವುದಿದೆ?

ಒಂದೊಂದು ದಿನ ಯಾರೂ ಕೂಗುತ್ತಿರಲಿಲ್ಲ. ಆಗ ಮಿಸ್ ಲೆಕ್ಕ ನಿಲ್ಲಿಸಿ, ಸೀಮೆಸುಣ್ಣದ ತುಂಡನ್ನು ಅಂಗೈಯಲ್ಲಿ ಎಗರಿಸುತ್ತಾ ಕಿಟಕಿಯಾಚೆ ನೋಡುತ್ತಾ ನಿಲ್ಲುವರು. ಬೆಂಚುಗಳು ಕಿರ್ರೆನ್ನುವವು, ಯಾರೋ ಪಕ್ಕದವರ ಪುಸ್ತಕ ಇಣುಕುವರು, ಇನ್ಯಾರೋ ಬೆರಳೆಣಿಸುವರು. “ಪಾಠ ಆಗೋದು ಆ ಸುಮ್ಮನಿರೋ ಹೊತ್ತಲ್ಲಿ, ನಾನು ಬಡಬಡಿಸೋವಾಗ ಅಲ್ಲ” ಎಂದು ಅವರು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುತ್ತಿದ್ದರು. ಕೇಳುವವರು ಚಹಾ ಹೀರುತ್ತಾ ತಲೆಯಾಡಿಸುತ್ತಿದ್ದರು.

ಹತ್ತನೇ ತರಗತಿಯ ಎ ಸೆಕ್ಷನ್ನಿನ ಮೂರನೇ ಬೆಂಚಿನಲ್ಲಿ ಮಿಸ್ಸಿನ ಮಗಳೇ ಕೂರುತ್ತಿದ್ದಳು. ಅವಳ ಅಡ್ಡಹೆಸರು ಪೊಲೀಸ್. ಒಂಬತ್ತನೇ ತರಗತಿಯಲ್ಲಿ ಒಬ್ಬ ಕಳ್ಳನನ್ನೂ ಬೇರೆಯವರಿಗೆ ಬಿಟ್ಟವಳಲ್ಲ; ಸೀಮೆಸುಣ್ಣ ಬೋರ್ಡಿನಿಂದ ಏಳುವ ಮೊದಲೇ ಅವಳ ಕೂಗು ಎದ್ದಿರುತ್ತಿತ್ತು. ಹತ್ತನೇ ತರಗತಿ ಶುರುವಾಗುವ ಹಿಂದಿನ ದಿನ, ತಾಯಿ ಮಗಳು ಇಬ್ಬರೇ ಇರುವ ಆ ಮನೆಯಲ್ಲಿ, ಊಟಕ್ಕೆ ಕೂತಾಗ ಮಿಸ್ ಹೇಳಿದ್ದರು.

“ನಾಳೆಯಿಂದ ನೀನು ಕೂಗಬೇಡ ಪುಟ್ಟಿ. ಕಂಡರೂ ಬಾಯಿ ಬಿಡಬೇಡ. ಮನೇಲೇ ಹೇಳಿಕೊಟ್ಟು ಕರ್ಕೊಂಡು ಬರ್ತಾರೆ ಅಂತ ಆಗಲೇ ಮಾತು ಬಂದಿದೆ.”

“ಒಂದು ಸಲಾನೂ ಬೇಡ್ವಾ?”

“ಒಂದು ಸಲಾನೂ ಬೇಡ. ಬೇರೆಯವರು ಹಿಡೀಲಿ.”

ಮಗಳು ಸರಿ ಎಂದಳು. ಗೇಟಿನ ಹೊರಗೆ ಅಮ್ಮ, ಒಳಗೆ ಮಿಸ್ ಎಂಬ ಕಟ್ಟಳೆಗೆ ಎಂದೋ ಒಗ್ಗಿದ್ದ ಹುಡುಗಿ, ಇದನ್ನೂ ಅದರ ಜೊತೆಗೆ ಸೇರಿಸಿಕೊಂಡಳು. ಅಂದಿನಿಂದ ಅವಳ ಬಾಯಿಗೆ ಬೀಗ. ಮಿಸ್ ಅದನ್ನು ಮರೆತೂಬಿಟ್ಟರು.

ಶಾಲೆಯ ಹೆಡ್ ಮಿಸ್ ಲೆಕ್ಕದ ಮಿಸ್ಸಿಗೆ ಹೊರಗಿನವರೇನೂ ಅಲ್ಲ. ಇಬ್ಬರೂ ಒಂದೇ ವರ್ಷ ಈ ಶಾಲೆಗೆ ಸೇರಿದವರು. ಒಬ್ಬರು ಭಾಷೆಗೆ, ಇನ್ನೊಬ್ಬರು ಲೆಕ್ಕಕ್ಕೆ. ಸ್ಟಾಫ್ ರೂಮಿನ ಒಂದೇ ಮೇಜಿನ ಎರಡು ಬದಿಯಲ್ಲಿ ಕೂತು, ಒಂದೇ ಡಬ್ಬಿಯಿಂದ ಉಂಡು, ಆಗಿನ ಹೆಡ್ಡನ್ನು ಒಟ್ಟಿಗೆ ಬೈದು ಬೆಳೆದ ಸ್ನೇಹ ಅದು. ಪುಟ್ಟಿ ಹುಟ್ಟಿದಾಗ ಆಸ್ಪತ್ರೆಯಲ್ಲಿ ಮಗುವನ್ನು ಮೊದಲು ಎತ್ತಿಕೊಂಡವರೂ ಅವರೇ. ಪುಟ್ಟಿಗೆ ಅವರು ದೊಡ್ಡಮ್ಮ. ಆ ಸ್ನೇಹಿತೆ ಹೆಡ್ ಆದ ದಿನ ಲೆಕ್ಕದ ಮಿಸ್ ತಾವೇ ಹೆಡ್ ಆದ ಹಾಗೆ ಹಿಗ್ಗಿದ್ದರು.

ವರ್ಷದ ಆರಂಭದಲ್ಲಿ ಹೆಡ್ ಮಿಸ್ ಒಂದು ಪುಟ್ಟ ಕ್ಯಾಮೆರಾ ಹಿಡಿದುಕೊಂಡು ಎ ಸೆಕ್ಷನ್ನಿಗೆ ಬಂದರು. “ಹಿಂದಿನ ಗೋಡೆಗೆ ಇದನ್ನ ಹಾಕಿಸ್ತೀನಿ ಕಣೇ. ಜ್ವರ ಬಂದು ಮನೇಲಿ ಮಲಗಿರೋ ಮಕ್ಕಳಿಗೆ ನಿನ್ನ ಪಾಠ ತಪ್ಪೋದು ಬೇಡ.”

“ಜ್ವರದವರಿಗೆ ಮಾತ್ರ ತಾನೇ?”

“ಮತ್ತೆ ಇನ್ಯಾರಿಗೆ? ನನ್ನ ಮೇಲೂ ನಂಬಿಕೆ ಇಲ್ವೇನೇ ನಿಂಗೆ?”

ಮಿಸ್ ನಕ್ಕು ಒಪ್ಪಿದರು. ಹಿಂದಿನ ಗೋಡೆಯಲ್ಲಿ ಒಂದು ಕೆಂಪು ದೀಪ ಮಿನುಗತೊಡಗಿತು. ಕೆಲವು ವಾರಗಳಲ್ಲಿ ಪುಟ್ಟಿಯೂ ಭಾಷಣದ ಪ್ರಾಕ್ಟೀಸ್ ಎಂದು ಸಂಜೆ ಶಾಲೆಯಲ್ಲೇ ಉಳಿಯತೊಡಗಿದಳು.

ಅರ್ಧ ವರ್ಷ ಕಳೆಯುವ ಹೊತ್ತಿಗೆ ಊರಿಗೆಲ್ಲ ಜ್ವರ ಬಂತೇನೋ ಎಂಬಂತೆ ಎಲ್ಲರೂ ಆ ವಿಡಿಯೋ ನೋಡತೊಡಗಿದ್ದರು. ಒಂದು ಸಂಜೆ ಹೆಡ್ ಮಿಸ್ ಟೀಚರುಗಳನ್ನೆಲ್ಲ ಕೂರಿಸಿಕೊಂಡು, ಆಡಳಿತ ಮಂಡಳಿಯ ತೀರ್ಮಾನ ಎಂದು ಒಂದು ಸುದ್ದಿ ಹೇಳಿದರು. ಇನ್ನು ಮೇಲೆ ಎ ಸೆಕ್ಷನ್ನಿಗೆ ಲೆಕ್ಕ ಎಂದಿನ ಹಾಗೆ ಕೋಣೆಯಲ್ಲಿ. ಬಿ ಸೆಕ್ಷನ್ನಿಗೆ ಅದೇ ಪಾಠ ಆನ್‌ಲೈನಿನಲ್ಲಿ. ಮಕ್ಕಳು ಮನೆಯಲ್ಲೇ ನೋಡಿಕೊಳ್ಳಬೇಕು. ಆಮೇಲೆ ಇಬ್ಬರಿಗೂ ಒಂದೇ ಪರೀಕ್ಷೆ. ಯಾರು ಹೆಚ್ಚು ಅಂಕ ತೆಗೆಯುತ್ತಾರೋ, ಹತ್ತನೇ ತರಗತಿಯ ಲೆಕ್ಕ ಇನ್ನು ಮುಂದೆ ಅವರ ರೀತಿಯಲ್ಲೇ ನಡೆಯುತ್ತದೆ.

“ಅಂದ್ರೆ ಪರದೆ ಗೆದ್ದರೆ ನಾನು?” ಎಂದು ಕೇಳಿದರು ಲೆಕ್ಕದ ಮಿಸ್.

“ವಿಡಿಯೋದಲ್ಲಿ ಇರೋದೂ ನೀನೇ ಅಲ್ವೇನೇ?” ಹೆಡ್ ಮಿಸ್ ಎಲ್ಲರ ಕಡೆಗೂ ನೋಡಿ ನಕ್ಕರು. “ಯಾವುದು ಗೆದ್ದರೂ ನೀನೇ ಗೆದ್ದ ಹಾಗೆ.”

ಎಲ್ಲರೂ ನಕ್ಕರು. ಲೆಕ್ಕದ ಮಿಸ್ ಮಾತ್ರ ನಗಲಿಲ್ಲ. ಅವರಿಗೆ ಬೇಕಾಗಿದ್ದು ಆ ಒಂದು ಕೋಣೆ. ಆ ಬೋರ್ಡು, ಆ ಮೌನ, ಆ ಕೂಗು. ಅಷ್ಟು ಉಳಿದರೆ ಉಳಿದದ್ದನ್ನೆಲ್ಲ ಯಾರು ಬೇಕಾದರೂ ಗೆದ್ದುಕೊಳ್ಳಲಿ. ಆದರೂ ಅವರಿಗೆ ಧೈರ್ಯವಿತ್ತು. ವಿಡಿಯೋ ನೋಡುವ ಮಗು ಕಳ್ಳನನ್ನು ಕಂಡು ಯಾರಿಗೆ ಕೂಗಿ ಹೇಳೀತು? ಎ ಸೆಕ್ಷನ್ ಗೆದ್ದೇ ಗೆಲ್ಲುತ್ತದೆ.

ಪರೀಕ್ಷೆಗೆ ಇನ್ನೇನು ಒಂದು ವಾರವಿದೆ ಎನ್ನುವಾಗ ಬಸ್ ನಿಲ್ದಾಣದಲ್ಲಿ ಬಿ ಸೆಕ್ಷನ್ನಿನ ಹುಡುಗಿಯೊಬ್ಬಳು ಸಿಕ್ಕಳು. ತರಗತಿಯಲ್ಲಿ ಎಂದೂ ತುಟಿ ಬಿಚ್ಚದ ಹುಡುಗಿ. ಅವಳ ದನಿ ಹೇಗಿದೆ ಎಂದೂ ಮಿಸ್ಸಿಗೆ ಗೊತ್ತಿರಲಿಲ್ಲ. ಆವತ್ತು ತಾನಾಗಿಯೇ ಬಂದು ಮಾತಾಡಿಸಿದಳು.

“ಮಿಸ್, ವಿಡಿಯೋ ತುಂಬ ಚೆನ್ನಾಗಿದೆ. ಅರ್ಥ ಆಗದೇ ಇದ್ರೆ ನಿಮ್ಮನ್ನ ನಿಲ್ಲಿಸ್ತೀನಿ. ಆಮೇಲೆ ಹಿಂದಕ್ಕೆ ಕಳಿಸಿ ಇನ್ನೊಂದು ಸಲ ಹೇಳಿಸ್ತೀನಿ. ನೀವು ಬೇಜಾರೇ ಮಾಡ್ಕೊಳ್ಳಲ್ಲ.”

ಮಿಸ್ಸಿಗೆ ನಗು ಬಂತು, ಚುರುಕ್ಕೆಂದೂ ಅನ್ನಿಸಿತು. ಕೋಣೆಯಲ್ಲಿ ಈ ಹುಡುಗಿ ಒಮ್ಮೆಯೂ ತಮ್ಮನ್ನು ನಿಲ್ಲಿಸಿರಲಿಲ್ಲ. “ಒಳ್ಳೇದಾಯ್ತು. ಕಳ್ಳ ಸಿಗ್ತಾನಾ?”

“ವಿಡಿಯೋದಲ್ಲಿ ಕಳ್ಳ ಇಲ್ವಲ್ಲ ಮಿಸ್! ಅದರಲ್ಲಿ ನೀವು ತಪ್ಪೇ ಮಾಡಲ್ಲ.”

ಹುಡುಗಿ ಫೋನ್ ತೆಗೆದು ತೋರಿಸಿದಳು. ಮಿಸ್ ತಮ್ಮನ್ನು ತಾವೇ ನೋಡಿದರು. ತ್ರಿಭುಜದ ಪಾಠ. ಎರಡು, ಮೂರು, ಆರು ಎಂದು ಬಾಹುಗಳ ಅಳತೆ ಬರೆದು, ಅಂಥ ತ್ರಿಭುಜ ಇರಲು ಸಾಧ್ಯವೇ ಇಲ್ಲವೆಂದು ಮಕ್ಕಳು ಕೂಗುವವರೆಗೂ ಕಾದು ನಿಂತಿದ್ದ ದಿನ ಅದು. ಚಿಕ್ಕ ಎರಡು ಕಡ್ಡಿ ಸೇರಿಸಿದರೂ ದೊಡ್ಡ ಕಡ್ಡಿಯಷ್ಟು ಉದ್ದ ಬಾರದಿದ್ದರೆ ತುದಿ ಹೇಗೆ ಕೂಡುತ್ತದೆ ಎಂದು ಕಡ್ಡಿ ಹಿಡಿದು ತೋರಿಸಿದ್ದೂ, ಕೋಣೆಯೆಲ್ಲ ನಕ್ಕಿದ್ದೂ ಅಂದೇ. ಫೋನಿನಲ್ಲಿ ಅದು ಯಾವುದೂ ಇರಲಿಲ್ಲ. ಕಡ್ಡಿಯೂ ಇಲ್ಲ, ಕಾದದ್ದೂ ಇಲ್ಲ, ನಗುವೂ ಇಲ್ಲ. ಫೋನಿನ ಮಿಸ್ “ಸರಿ, ಮುಂದೆ” ಎಂದು ಮುಂದಿನ ಲೆಕ್ಕಕ್ಕೆ ಹಾರಿಬಿಟ್ಟರು. ಇನ್ನೊಂದು ಪಾಠ ನೋಡಿದರು, ಮತ್ತೊಂದು ನೋಡಿದರು. ಒಬ್ಬ ಕಳ್ಳನೂ ಉಳಿದಿರಲಿಲ್ಲ. ಅವರೇ ಮರೆತಿದ್ದ ಸಣ್ಣಪುಟ್ಟ ಕಳ್ಳರನ್ನೂ ಯಾರೋ ಕಣ್ಣಲ್ಲಿ ಕಣ್ಣಿಟ್ಟು ಹುಡುಕಿ, ಗಾಯವೇ ಕಾಣದ ಹಾಗೆ ಕತ್ತರಿಸಿ ತೆಗೆದಿದ್ದರು.

ಮರುದಿನ ಹೆಡ್ ಮಿಸ್ಸಿನ ಕೋಣೆಗೆ ನುಗ್ಗಿದರು. “ನನ್ನ ಪಾಠಾನ ಕತ್ತರಿಸಿದ್ದು ಯಾರು?”

“ಕೂತ್ಕೊಳ್ಳೇ ಮೊದಲು. ಮೊದಮೊದಲು ಇದ್ದ ಹಾಗೇ ಹಾಕಿದ್ವಿ. ಅಪ್ಪ ಅಮ್ಮಂದಿರು ಫೋನ್ ಮೇಲೆ ಫೋನ್! ‘ನಿಮ್ಮ ಲೆಕ್ಕದ ಟೀಚರಿಗೆ ಲೆಕ್ಕಾನೇ ಬರಲ್ವಾ?’ ಅಂತ. ನಿನ್ನ ಮರ್ಯಾದೆ ಉಳಿಸೋಕೆ ಅಂತಾನೇ ತೆಗೆಸಿದ್ದು.”

“ಯಾರು ತೆಗೆದರು ಅಂತ ಕೇಳಿದೆ.”

“ಕಂಪ್ಯೂಟರ್ ರೂಮಲ್ಲಿ ಯಾರೋ ಮಾಡ್ತಾರೆ ಬಿಡು.” ಹೆಡ್ ಮಿಸ್ ಚಹಾದ ಲೋಟ ಅವರ ಕಡೆಗೆ ಸರಿಸಿದರು. ಲೆಕ್ಕದ ಮಿಸ್ ಕುಡಿಯದೆ ಎದ್ದು ಬಂದರು. ಸ್ನೇಹಿತೆ ಏನನ್ನೋ ಮುಚ್ಚಿಡುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಿತು. ಎಷ್ಟು ದೊಡ್ಡದನ್ನು ಎಂದು ಹೊಳೆಯಲಿಲ್ಲ.

ಪರೀಕ್ಷೆ ಮುಗಿದ ಮಾರನೇ ದಿನ ಅವರು ಎ ಸೆಕ್ಷನ್ನಿನ ಬಾಗಿಲಲ್ಲಿ ಕಾಲಿಟ್ಟರೋ ಇಲ್ಲವೋ, ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: “ಕಳ್ಳ ಸಿಕ್ಕ, ಮಿಸ್!”

ಪ್ರಶ್ನೆಪತ್ರಿಕೆಯಲ್ಲೇ ಕಳ್ಳನಿದ್ದ. ಹೊರಗಿನವರು ಯಾರೋ ತಯಾರಿಸಿದ್ದ ಪತ್ರಿಕೆ. ಒಂದು ತ್ರಿಭುಜದ ಬಾಹುಗಳು ಮೂರು, ನಾಲ್ಕು, ಎಂಟು. ಅದಕ್ಕೆ ಸಮರೂಪವಾದ ಇನ್ನೊಂದು ತ್ರಿಭುಜದ ಅತಿ ಚಿಕ್ಕ ಬಾಹು ಆರು ಆದರೆ ಅದರ ಸುತ್ತಳತೆ ಎಷ್ಟು ಎಂದು ಕೇಳಿದ್ದರು. ಮೂರೂ ನಾಲ್ಕೂ ಸೇರಿದರೆ ಏಳು, ಎಂಟನ್ನು ಮುಟ್ಟುವುದೇ ಇಲ್ಲ! ಮೊದಲ ತ್ರಿಭುಜವೇ ಇಲ್ಲದಿರುವಾಗ ಎರಡನೆಯದು ಎಲ್ಲಿಂದ ಬರಬೇಕು? ಹುಡುಗರು ಬೆಂಚಿನ ಮೇಲೆ ಪೆನ್ನು ಪೆನ್ಸಿಲು ಜೋಡಿಸಿ ತೋರಿಸಿದರು. “ಇಂಥ ತ್ರಿಭುಜ ಸಾಧ್ಯವಿಲ್ಲ ಅಂತ ಕಾರಣ ಸಮೇತ ಬರೆದ್ವಿ ಮಿಸ್, ಎಲ್ಲರೂ!” ಮಿಸ್ಸಿನ ಕಣ್ಣು ತುಂಬಿ ಬಂತು. ಇಷ್ಟು ವರ್ಷ ಸೀಮೆಸುಣ್ಣ ತಿಂದದ್ದು ಸಾರ್ಥಕವಾಯಿತು ಎನ್ನಿಸಿತು.

ಆ ಗದ್ದಲದಲ್ಲಿ ಒಬ್ಬಳು ಮಾತ್ರ ತಲೆ ತಗ್ಗಿಸಿಕೊಂಡು ಕೂತಿದ್ದಳು, ಮೂರನೇ ಬೆಂಚಿನ ಪೊಲೀಸ್. “ನಾನು ಮೂವತ್ತು ಅಂತ ಬರೆದೆ” ಎಂದಳು ಮೆಲ್ಲಗೆ. ಹುಡುಗರು ಹೋ ಎಂದು ಕಾಲೆಳೆದರು, ಪೊಲೀಸ್ ನಿದ್ದೆ ಹೊಡೆದಿದೆ ಎಂದರು. ಮಿಸ್ಸಿಗೆ ಮಗಳ ಮೇಲೆ ಅಯ್ಯೋ ಅನ್ನಿಸಿತು. ಗಡಿಬಿಡಿಯಲ್ಲಿ ಕಣ್ತಪ್ಪಿರಬೇಕು ಪಾಪ ಎಂದುಕೊಂಡು, ಸಂಜೆ ಮನೆಯಲ್ಲಿ ಆ ಮಾತನ್ನೇ ಎತ್ತಲಿಲ್ಲ.

ಫಲಿತಾಂಶ ಬಂದಾಗ ಬಿ ಸೆಕ್ಷನ್ ಗೆದ್ದಿತ್ತು, ಕೂದಲೆಳೆಯಷ್ಟು ಅಂತರದಲ್ಲಿ. ಆ ಕೂದಲೆಳೆ ಎಲ್ಲಿಂದ ಬಂತು ಎಂದು ತಿಳಿಯಲು ಲೆಕ್ಕದ ಮಿಸ್ಸಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ಇಲ್ಲದ ತ್ರಿಭುಜದ ಸುತ್ತಳತೆ ಮೂವತ್ತು ಎಂದು ಬರೆದವರಿಗೆಲ್ಲ ಪೂರ್ತಿ ಅಂಕ. ಬಿ ಸೆಕ್ಷನ್ನಿನವರು ಹಾಗೆಯೇ ಬರೆದಿದ್ದರು. ಕಳ್ಳನನ್ನು ಹಿಡಿದ ಎ ಸೆಕ್ಷನ್ನಿಗೆ ಆ ಲೆಕ್ಕದಲ್ಲಿ ಸೊನ್ನೆ.

“ಇದು ಅನ್ಯಾಯ!” ಹೆಡ್ ಮಿಸ್ಸಿನ ಮೇಜಿನ ಮೇಲೆ ಕಡ್ಡಿಗಳನ್ನು ಚೆಲ್ಲಿ ಮಿಸ್ ಕೂಗಾಡಿದರು. “ನೀನೇ ಜೋಡಿಸಿ ನೋಡು. ಸರಿ ಬರೆದವರಿಗೆ ಸೊನ್ನೆ ಹಾಕಿ ನನ್ನ ಕೋಣೆ ಕಿತ್ಕೊಳ್ತೀಯಾ?”

ಹೆಡ್ ಮಿಸ್ ಕಡ್ಡಿಗಳನ್ನು ಮುಟ್ಟಲಿಲ್ಲ. “ಕೀ ಉತ್ತರದಲ್ಲಿ ಮೂವತ್ತು ಇದೆ. ಮಂಡಳಿಯವರು ಒಪ್ಪಿ ಆಯ್ತು, ಮುಂದಿನ ವಾರದಿಂದ ಎ ಸೆಕ್ಷನ್ನಿಗೂ ಪರದೆ. ನೀನು ಡೌಟ್ಸ್ ಕೇಳೋ ಮಕ್ಕಳಿಗೆ ಫೋನಲ್ಲಿ ಉತ್ತರ ಹೇಳು, ಆರಾಮಾಗಿರು. ಇಷ್ಟು ದಿನ ನಿಂತೂ ನಿಂತೂ ಕಾಲು ಊದಿಸ್ಕೊಂಡಿದ್ದು ಸಾಲದಾ?”

“ಜ್ವರದ ಮಕ್ಕಳಿಗೆ ಅಂತ ಸುಳ್ಳು ಹೇಳಿ ನನ್ನ ಪಾಠ ಕದ್ದೆ. ಅದರಲ್ಲಿದ್ದ ಜೀವಾನೂ ಕತ್ತರಿಸಿದೆ. ನೀನು ಸ್ನೇಹಿತೆ ಅಂತ...”

“ಎಲ್ಲಾನೂ ನನ್ನ ತಲೆ ಮೇಲೆ ಹಾಕಬೇಡ.” ಹೆಡ್ ಮಿಸ್ಸಿನ ದನಿಯೂ ಏರಿತು. “ನಾನು ಭಾಷೆ ಟೀಚರ್. ನೀನು ಬರೆಯೋ ಲೆಕ್ಕ ನನಗೆ ಇರುವೆ ಸಾಲು ಇದ್ದ ಹಾಗೆ. ಅದರಲ್ಲಿ ತಪ್ಪೆಲ್ಲಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು? ಒಂದೂ ಬಿಡದ ಹಾಗೆ ಹುಡುಕಿ ತೆಗೆದಿದ್ದು ನಿನ್ನ ಮಗಳೇ. ಭಾಷಣದ ಪ್ರಾಕ್ಟೀಸ್ ಅಂತ ದಿನಾ ಸಂಜೆ ಉಳೀತಿದ್ದಳಲ್ಲ, ಏನು ಅಂದ್ಕೊಂಡಿದ್ದೆ? ಪರದೆ ಗೆದ್ದರೆ ನಿನ್ನ ಕೋಣೆ ಹೋಗುತ್ತೆ ಅನ್ನೋದೂ ಅವಳಿಗೆ ಮೊದಲೇ ಗೊತ್ತು.”

ಮೇಜಿನ ಮೇಲಿನ ಕಡ್ಡಿಗಳನ್ನು ಒಂದೊಂದಾಗಿ ಆರಿಸಿಕೊಂಡು ಲೆಕ್ಕದ ಮಿಸ್ ಹೊರಗೆ ಬಂದರು. ಒಬ್ಬ ಕಳ್ಳನೂ ತಪ್ಪಿಸಿಕೊಳ್ಳದ ಹಾಗೆ ಕತ್ತರಿಸಬಲ್ಲ ಕಣ್ಣು ಈ ಶಾಲೆಯಲ್ಲಿ ಇನ್ಯಾರಿಗಿತ್ತು? ಅದು ಬಸ್ ನಿಲ್ದಾಣದಲ್ಲೇ ಹೊಳೆಯಬೇಕಿತ್ತು. ಹೆಡ್ ಮಿಸ್ ಮಾಡಿದ್ದು ದ್ರೋಹ, ಅದನ್ನು ಬಾಯಿ ತುಂಬ ಬೈದು ಹೇಗೋ ನುಂಗಬಹುದಿತ್ತು. ಇದನ್ನು ನುಂಗುವುದು ಹೇಗೆ? ಒಂದೇ ತಟ್ಟೆಯಲ್ಲಿ ಉಂಡು, ಒಂದೇ ಹಾಸಿಗೆಯಲ್ಲಿ ಮಲಗಿ, ದಿನಾ ಸಂಜೆ “ಭಾಷಣ ಹೇಗಾಯ್ತು ಪುಟ್ಟಿ?” ಎಂದರೆ “ಚೆನ್ನಾಗಾಯ್ತು ಅಮ್ಮ” ಎಂದವಳು!

ಮನೆಗೆ ಬಂದಾಗ ಮಗಳು ಒಣಗಿದ ಬಟ್ಟೆ ಮಡಚುತ್ತಿದ್ದಳು. ತಾಯಿಯ ಮುಖ ನೋಡಿದ್ದೇ ಅವಳ ಕೈ ನಿಂತಿತು.

“ಯಾಕೆ ಮಾಡಿದೆ?” ಎಂದರು ಮಿಸ್. ಬೇರೆ ಮಾತು ಬೇಕಾಗಲಿಲ್ಲ.

“ನಿನ್ನ ವಿಡಿಯೋ ನೋಡಿ, ಆಟ ಅಂತ ಗೊತ್ತಿದ್ದೂ, ಬಿ ಸೆಕ್ಷನ್ನಿನವರು ನಗ್ತಿದ್ರು. ನಿಮ್ಮಮ್ಮಂಗೆ ಕೂಡೋಕೆ ಬರಲ್ಲ ಅಂತಿದ್ರು. ಅಮ್ಮನ ಮರ್ಯಾದೆ ನಿನ್ನ ಕೈಯಲ್ಲಿದೆ ಅಂದ್ರು ದೊಡ್ಡಮ್ಮ.”

“ಮರ್ಯಾದೆ! ನನ್ನ ಕೋಣೆ ಹೋಗುತ್ತೆ ಅಂತ ಗೊತ್ತಾದ ಮೇಲೂ ಕತ್ತರಿಸಿದೆಯಲ್ಲ, ಅದು ಯಾರ ಮರ್ಯಾದೆಗೆ?”

ಮಗಳು ಮಡಚಿದ್ದ ಸೀರೆಯನ್ನು ಬಿಡಿಸಿ ಮತ್ತೆ ಮಡಚಿದಳು. “ಅಲ್ಲಿ ಮಾತ್ರ ನಾನು ಹಿಡೀಬಹುದಿತ್ತು.”

“ಏನನ್ನ?”

“ಕಳ್ಳನ್ನ. ಕ್ಲಾಸಲ್ಲಿ ಎಲ್ಲರಿಗಿಂತ ಮೊದಲು ನನಗೆ ಕಾಣ್ತಿತ್ತು. ಗಂಟಲ ತನಕ ಬಂದಿದ್ದನ್ನ ನುಂಗ್ಕೊಂಡು ಕೂತಿರ್ತಿದ್ದೆ. ನೀನು ಎಲ್ಲರ ಮುಖ ನೋಡ್ತಿದ್ದೆ, ನನ್ನ ಮುಖ ಒಂದು ಬಿಟ್ಟು. ಕಂಪ್ಯೂಟರ್ ಮುಂದೆ ಕೂತು ಮೊದಲ್ನೇ ಕಳ್ಳನ್ನ ತೆಗೆದಾಗ ದೊಡ್ಡಮ್ಮ ಶಭಾಷ್ ಅಂದ್ರು. ಆಮೇಲೆ... ಬಿಡೋಕೆ ಆಗ್ಲಿಲ್ಲ.”

ಮಿಸ್ ಗೋಡೆಗೆ ಒರಗಿ ನಿಂತರು. ಅವರಿಗೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಅದಕ್ಕೆ ಕಣ್ತಪ್ಪು ಎಂಬ ಉತ್ತರ ಬರಲಿ ಎಂದು ಒಳಗೊಳಗೇ ಬೇಡಿಕೊಂಡರು. “ಪರೀಕ್ಷೆಯಲ್ಲಿ ಮೂವತ್ತು ಅಂತ ಬರೆದೆಯಲ್ಲ. ಕಾಣಲಿಲ್ವಾ?”

“ಕಾಣ್ತು. ಓದಿದ ತಕ್ಷಣ ಕಾಣ್ತು.” ಮಗಳು ಮೊದಲ ಸಲ ತಲೆಯೆತ್ತಿ ನೋಡಿದಳು. “ಕಂಡರೂ ಬಾಯಿ ಬಿಡಬೇಡ ಅಂತ ನೀನೇ ಹೇಳಿದ್ದಲ್ವಾ?”

ಹೊಡೆಯಬೇಕೆಂದು ಎದ್ದ ಮಿಸ್ಸಿನ ಕೈ ಎಲ್ಲಿ ಇಳಿಯಬೇಕೆಂದು ತಿಳಿಯದೆ ಸೀರೆಯ ಮೇಲೆ ಇಳಿಯಿತು. ಆ ಸಂಜೆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಇದ್ದ ಬ್ರೆಡ್ಡನ್ನು ಇಬ್ಬರೂ ಬೇರೆ ಬೇರೆ ಹೊತ್ತಿನಲ್ಲಿ ತಿಂದರು.

ವಾರದ ಕೊನೆಯ ಪೀರಿಯಡ್ಡು ಎ ಸೆಕ್ಷನ್ನಿಗೆ ಮಿಸ್ಸಿನ ಕೊನೆಯ ಪಾಠವೂ ಆಗಿತ್ತು. ಹುಡುಗರ ಮುಖ ಬಾಡಿತ್ತು. ಸೊನ್ನೆ ಯಾಕೆ ಬಂತು ಎಂದು ಅವರು ಕೇಳಿದರು. “ನೀವು ಬರೆದದ್ದೇ ಸರಿ” ಎಂದರು ಮಿಸ್. ಬೋರ್ಡಿನ ಕಡೆ ತಿರುಗಿ ಒಂದು ಉದ್ದನೆಯ ಸಮೀಕರಣ ಬಿಡಿಸತೊಡಗಿದರು. ಐದನೇ ಸಾಲಿನಲ್ಲಿ ಒಬ್ಬ ಕಳ್ಳನನ್ನು ಕೂರಿಸಿದರು. ಇಷ್ಟು ವರ್ಷಗಳಲ್ಲೇ ಅತ್ಯಂತ ಅಚ್ಚುಕಟ್ಟಾಗಿ ಅಡಗಿದ ಕಳ್ಳ. ಇವನನ್ನು ಯಾರು ಹಿಡಿಯಬೇಕೆಂದು ಅವರು ಮೊದಲೇ ನಿರ್ಧರಿಸಿ ಬಂದಿದ್ದರು. ತಿರುಗಿ ನಿಂತು ಮೂರನೇ ಬೆಂಚಿನ ಕಡೆ ನೋಡಿದರು.

“ಇವತ್ತು ಪೊಲೀಸ್ ಹೇಳಲಿ.”

ತರಗತಿಯಲ್ಲಿ ಗುಸುಗುಸು ಎದ್ದಿತು. ಮಗಳು ಎದ್ದು ನಿಂತು, ಒಮ್ಮೆ ಹಿಂದಿನ ಗೋಡೆಯ ಕೆಂಪು ದೀಪದ ಕಡೆ ತಿರುಗಿ ನೋಡಿ, ಬೋರ್ಡಿನ ಕಡೆ ನೋಡಿದಳು. ಮಿಸ್ ಸೀಮೆಸುಣ್ಣ ಎಗರಿಸದೆ ಕಾದರು. ಕಿಟಕಿಯಾಚೆಯೂ ನೋಡಲಿಲ್ಲ.

“ಮೂರನೇ ಸಾಲು, ಅಮ್ಮ.”

ಅವಳು ಕೂಗಲಿಲ್ಲ. ಗೇಟಿನ ಒಳಗೆ ಅವಳ ಬಾಯಲ್ಲಿ ಅಮ್ಮ ಎಂಬ ಪದ ಬಂದದ್ದು ಅದೇ ಮೊದಲು, ಯಾರೂ ನಗಲಿಲ್ಲ. ಮಿಸ್ ತಿರುಗಿ ಮೂರನೇ ಸಾಲು ನೋಡಿದರು. ಅವರು ಅಲ್ಲಿ ಯಾರನ್ನೂ ಅಡಗಿಸಿರಲಿಲ್ಲ. ಆದರೂ ಅಲ್ಲಿ ತಪ್ಪಿತ್ತು. ಪ್ಲಸ್ ಇರಬೇಕಾದಲ್ಲಿ ಮೈನಸ್ ಬಿದ್ದಿತ್ತು. ಅದು ಅವರದೇ ತಪ್ಪು, ನಿಜವಾದದ್ದು.

ಡಸ್ಟರು ಕೈಗೆ ಸಿಗಲಿಲ್ಲ. ಅಂಗೈಯಿಂದಲೇ ಒರೆಸಿ ಸರಿ ಮಾಡಿದರು. “ಕೂತ್ಕೋ” ಎಂದರು. ಮಗಳು ಕೂತಳು. ಅಷ್ಟರಲ್ಲಿ ಗಂಟೆ ಹೊಡೆಯಿತು. ಐದನೇ ಸಾಲಿನ ಕಳ್ಳನನ್ನು ಯಾರೂ ಹಿಡಿದಿರಲಿಲ್ಲ, ಮಿಸ್ಸೂ ತೋರಿಸಲಿಲ್ಲ. ಅವನನ್ನು ಸಂಜೆ ವಿಡಿಯೋ ಕತ್ತರಿಸುವ ಮಗಳ ಪಾಲಿಗೆ ಬಿಟ್ಟು, ಕೈಗಂಟಿದ ಸುಣ್ಣವನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಕೋಣೆಯಿಂದ ಹೊರಗೆ ನಡೆದರು.